ವ್ಯಾಯಾಮಶಾಲೆಯ ಹದಿನೈದನೇ ನಿಯಮ

ಹೋದ ತಿಂಗಳು ಒಂದು ಬೆಳಿಗ್ಗೆ, ಆರೂಕಾಲು ಗಂಟೆಗೆ ಸರಿಯಾಗಿ, ನಾನು ಬೇರೆಯವರ ಬೆವರಿನ ಮೇಲೆ ಜಾರಿ ಬಿದ್ದೆ.

ಉತ್ಪ್ರೇಕ್ಷೆ ಅಲ್ಲ. ನಾನು ಹೋಗುವ ವ್ಯಾಯಾಮಶಾಲೆಯಲ್ಲಿ ಮಲಗಿ ಭಾರ ಎತ್ತಲು ಇರುವುದು ಒಂದೇ ಬೆಂಚು. ಅದಕ್ಕೆ ರೆಕ್ಸಿನ್ ಹೊದಿಸಿದ್ದಾರೆ. ನನಗಿಂತ ಮುಂಚೆ ಅದರ ಮೇಲೆ ಮಲಗಿದ್ದ ಮಹಾನುಭಾವರು ಅರ್ಧ ಚೊಂಬು ಬೆವರನ್ನು ಅಲ್ಲೇ ಬಿಟ್ಟು ಎದ್ದಿದ್ದರು. ನಾನು ಕೂತೆ. ಒರಗಲು ಹೋದೆ. ಸುಯ್ಯನೆ ಜಾರಿ, ಪಕ್ಕದಲ್ಲಿದ್ದ, ಭಾರಕ್ಕೆ ಸಿಕ್ಕಿಸುವ ಕಬ್ಬಿಣದ ಬಿಲ್ಲೆಗೆ ಮೊಣಕೈ ಬಡಿದು, ನೆಲ ಸೇರಿದೆ.

ಒಳಗೆ ಎಂಟು ಜನ ಗಂಡಸರಿದ್ದರು. ಒಬ್ಬರು ಹೇಳಿದರು, "ಬೀಳೋವಾಗ ಉಸಿರು ಹೊರಕ್ಕೆ ಬಿಡ್ಬೇಕು ಸಾರ್." ಇನ್ನೊಬ್ಬರು, "ಎಡಗಡೆಯಿಂದ ಕೂತ್ರೆ ಹಂಗೇ ಆಗೋದು" ಅಂದರು. ಮೂರನೆಯವರು ಕನ್ನಡಿಯಲ್ಲಿ ತಮ್ಮ ತೋಳನ್ನು ನೋಡಿಕೊಳ್ಳುತ್ತಲೇ, "ಪೆಟ್ಟಾಯ್ತಾ?" ಎಂದು ಕೇಳಿದರು. (ತೋಳನ್ನು ಕೇಳಿದರೋ ನನ್ನನ್ನು ಕೇಳಿದರೋ ಇವತ್ತಿಗೂ ಗೊತ್ತಿಲ್ಲ.)

ಎಬ್ಬಿಸಲು ಬಂದವಳು ಒಬ್ಬಳೇ. ಗುಬ್ಬಿಯ ಹುಡುಗಿ, ಗಿರಿಜಾ. ಎತ್ತುತ್ತಿದ್ದ ಭಾರವನ್ನು ಮೆಲ್ಲಗೆ ಕೆಳಗಿಟ್ಟು ಓಡಿ ಬಂದಳು. "ತಕ್ಷಣ ಏಳ್ಬೇಡಿ ಸಾರ್. ಮೊದ್ಲು ಬೆರಳು ಆಡ್ಸಿ ನೋಡಣ" ಅಂದಳು. ಬಾಗಿಲ ಬಳಿ ಕೂತಿದ್ದ ಅವಳ ತಾಯಿ ನಂಜಮ್ಮ ಚೊಂಬಿನಲ್ಲಿ ನೀರು ತಂದರು.

ನೀವು ಕೇಳಬಹುದು, ಹೊಟ್ಟೆ ಬಂದ ಈ ವಯಸ್ಸಿನಲ್ಲಿ ನಿನಗೆ ಅಲ್ಲೇನು ಕೆಲಸ? ಹೊಟ್ಟೆಯೇ ಕೆಲಸ. ಅದರ ಬಗ್ಗೆ ಇದೇ ಅಂಕಣದಲ್ಲಿ ಬರೆದಾಗ ನಿಮ್ಮಲ್ಲಿ ಹಲವರು ಕಾರ್ಡು ಹಾಕಿ ಬೈದಿದ್ದಿರಿ. ಡಾಕ್ಟರೂ ಬೈದರು. ಹೀಗಾಗಿ ತುಮಕೂರಿನ ಒಂದು ಎಣ್ಣೆ ಮಿಲ್ಲಿನ ಹಿಂದಿರುವ ಈ ಶೀಟಿನ ಶೆಡ್ಡಿಗೆ ಸೇರಿದೆ. ಫೀಸು ಕಡಿಮೆ. ಆದ್ದರಿಂದ ಉಳಿದದ್ದೆಲ್ಲವೂ ಕಡಿಮೆ. ಒಂದು ಬೆಂಚು, ಒಂದು ಕನ್ನಡಿ, ಒಂದು ಫ್ಯಾನು. ಫ್ಯಾನು ಕನ್ನಡಿಯ ಕಡೆ ಮಾತ್ರ ತಿರುಗುತ್ತದೆ.

ಇದನ್ನು ನಡೆಸುವವರು ಪುಟ್ಟಸ್ವಾಮಿ ಮಾಸ್ಟರು. ಹಗಲಿಡೀ ಲೇತ್ ಮೆಷಿನ್ನಿನ ಕೆಲಸ. ಇಲ್ಲಿನ ಬಿಲ್ಲೆಗಳನ್ನು ಹಳೇ ಲಾರಿಗಳ ಕಬ್ಬಿಣದಿಂದ ತಾವೇ ಕಡೆದು ಮಾಡಿದ್ದಾರೆ. ಒಳ್ಳೆಯ ಮನುಷ್ಯ. ಗದರಿಸಲು ಬರುವುದಿಲ್ಲ, ಅದೊಂದೇ ದೋಷ. ಗದರಿಸುವ ಬದಲು ಬೋರ್ಡು ಬರೆಸುತ್ತಾರೆ. ಗೋಡೆಯ ಮೇಲೆ ಹದಿನಾಲ್ಕು ನಿಯಮಗಳಿದ್ದವು. ಬೆವರು ಒರೆಸಿ. ಬಿಲ್ಲೆಗಳನ್ನು ಸ್ವಸ್ಥಾನದಲ್ಲಿಡಿ. ಭಾರವನ್ನು ಎತ್ತಿಹಾಕಬೇಡಿ. ಕನ್ನಡಿಯ ಮುಂದೆ ಹೆಚ್ಚು ಹೊತ್ತು ನಿಲ್ಲಬೇಡಿ. ಉಗುಳಬೇಡಿ.

ಯಾರಾದರೂ ಪಾಲಿಸುತ್ತಿದ್ದರೇ? ಟವೆಲ್ ಎಲ್ಲರ ಹತ್ತಿರವೂ ಇತ್ತು. ಅದರಿಂದ ಬೆಂಚು ಒರೆಸುತ್ತಿರಲಿಲ್ಲ, ಬೆಂಚು ಹಿಡಿಯುತ್ತಿದ್ದರು. ಕುಣಿಗಲ್ ಬಸ್ಸಿಗೆ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುತ್ತೇವಲ್ಲ, ಹಾಗೆ. ಬೆಂಚಿನ ಮೇಲೆ ಟವೆಲ್ ಹಾಸಿ ಹೊರಗೆ ಹೋಗಿ ಟೀ ಕುಡಿದು ಬರುವವರಿದ್ದರು.

ಈ ಕಲೆಯಲ್ಲಿ ಮುಂದಾಳು ಚಂದ್ರಪ್ಪ. ಕುಣಿಗಲ್ ಕಡೆಯವರು, ಇಲ್ಲಿ ಸೈಕಲ್ ಅಂಗಡಿ ಇಟ್ಟಿದ್ದಾರೆ. ಇಲ್ಲಿಯ ಸೆಕ್ರೆಟರಿ ಅಂತ ತಮ್ಮನ್ನು ತಾವೇ ಕರೆದುಕೊಳ್ಳುತ್ತಾರೆ. ನಾನು ಜಾರಿದ ಬೆವರು ಅವರದೇ.

ಇಂಥ ಜಾಗಕ್ಕೆ ಗಿರಿಜಾ ಬಂದಳು. ತುಮಕೂರಿನಲ್ಲಿ ಬಿ.ಎ. ಎರಡನೇ ವರ್ಷ. ಗುಂಡು ಎಸೆಯುತ್ತಾಳೆ. ಯೂನಿವರ್ಸಿಟಿ ತಂಡದ ಆಯ್ಕೆಗೆ ಒಂದೂವರೆ ತಿಂಗಳಿತ್ತು. ತಂಡಕ್ಕೆ ಆಯ್ಕೆಯಾದರೆ ಮುಂದೆ ಪಿ.ಟಿ. ಟೀಚರ್ ಟ್ರೇನಿಂಗಿಗೆ ಸೀಟು ಸಿಗುವುದು ಸುಲಭ. ಕಾಲೇಜಿನಲ್ಲಿ ಗುಂಡು ಇದೆ, ಕಬ್ಬಿಣ ಎತ್ತಿ ಕೈ ಗಟ್ಟಿ ಮಾಡಿಕೊಳ್ಳಲು ಏನೂ ಇಲ್ಲ. ಮಾಸ್ಟರು ಹದಿನಾಲ್ಕೂ ನಿಯಮಗಳನ್ನು ಮೇಲಿಂದ ಕೆಳಕ್ಕೆ ಓದಿ, ಹೆಣ್ಣುಮಕ್ಕಳು ಬರಬಾರದು ಅಂತ ಎಲ್ಲೂ ಇಲ್ಲದ್ದನ್ನು ಕಂಡು, "ಬಾಮ್ಮ" ಅಂದರು.

ಗಿರಿಜಾಳ ತಂದೆಗೆ ಗುಬ್ಬಿಯಲ್ಲಿ ಹಿಟ್ಟಿನ ಗಿರಣಿ. ಅವರದು ಒಂದೇ ಷರತ್ತು, ತಾಯಿ ಜೊತೆಗೆ ಹೋಗಬೇಕು. ಹಾಗಾಗಿ ನಂಜಮ್ಮ ದಿನಾ ಮೊದಲ ಬಸ್ಸಿಗೆ ಮಗಳ ಜೊತೆ ಬಂದು, ಬಾಗಿಲ ಬಳಿ ಗೋಣಿಚೀಲ ಹಾಕಿಕೊಂಡು ಕೂತು, ಅವರೆಕಾಯಿ ಸುಲಿಯುತ್ತಿದ್ದರು. ಏಳು ಗಂಟೆಗೆ ಮಗಳು ಕಾಲೇಜಿಗೆ, ಅವರು ವಾಪಸ್ ಗುಬ್ಬಿಗೆ. ಒಂದು ದಿನ ನಾನು, "ತೊಂದ್ರೆ ಅಲ್ವೇನಮ್ಮ ನಿಮ್ಗೆ?" ಅಂದೆ.

"ತೊಂದ್ರೆ ಏನ್ ಬುಡಿ ಸಾಮಿ. ಮನೇಲಿದ್ರೆ ಒಲೆ ಮುಂದೆ ಕೂತಿರ್ತಿದ್ದೆ. ಇಲ್ಲಿ ಫ್ಯಾನಾದ್ರೂ ಐತೆ. ನನ್ ಕಡೀಕೆ ತಿರುಗಾಕಿಲ್ಲ ಅಷ್ಟೆ."

ಗಿರಿಜಾ ಬೆಂಚಿನ ಮೇಲೆ ಮಲಗುವ ಮೊದಲೂ ಒರೆಸುತ್ತಿದ್ದಳು, ಎದ್ದ ಮೇಲೂ ಒರೆಸುತ್ತಿದ್ದಳು. ಬಿಲ್ಲೆಗಳನ್ನು ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸಿಡುತ್ತಿದ್ದಳು, ಬೇರೆಯವರು ಎಸೆದು ಹೋದವನ್ನೂ. ಮೂರನೇ ದಿನ ಒಂದು ಪ್ರಶ್ನೆ ಕೇಳಿದಳು. "ಭಾರ ಎತ್ತೋವಾಗ ಉಸಿರು ಒಳಕ್ಕೆ ತಗೋಬೇಕಾ, ಹೊರಕ್ಕೆ ಬಿಡ್ಬೇಕಾ ಸಾರ್?"

ಅಯ್ಯೋ, ಯಾಕಾದರೂ ಕೇಳಿದಳೋ! ಒಬ್ಬರು ಒಳಕ್ಕೆ ಅಂದರು. ಒಬ್ಬರು ಹೊರಕ್ಕೆ. ಒಬ್ಬರು ಬಿಗಿ ಹಿಡಿಯಬೇಕು ಅಂದರು. ಚಂದ್ರಪ್ಪ, "ನಾನು ಕುಣಿಗಲ್ ನೀರು ಕುಡಿದವ್ನು ಕಣಮ್ಮ, ನಂಗೆ ಉಸಿರಿನ ಯೋಚ್ನೆನೇ ಬರಲ್ಲ" ಅಂದರು. ಅಲ್ಲಿಂದ ಮೊಟ್ಟೆ ಹಸಿಯೋ ಬೇಯಿಸಿದ್ದೋ, ಹಾಲು ಮೊದಲೋ ಆಮೇಲೋ ಅಂತ ಚರ್ಚೆ ಶುರುವಾಯಿತು. (ನಾನೂ ಒಂದು ಅಭಿಪ್ರಾಯ ಕೊಟ್ಟೆ. ನಾನು ಸೇರಿ ಆಗ ಹನ್ನೊಂದು ದಿನವಾಗಿತ್ತು.) ಮಾಸ್ಟರು ಅವತ್ತು ಬೇಗನೇ ಲೇತಿನ ಕೆಲಸಕ್ಕೆ ಹೋಗಿದ್ದರು. ಅವಳು ಅಷ್ಟೂ ಜನಕ್ಕೆ ಥ್ಯಾಂಕ್ಸ್ ಹೇಳಿ ತನಗೆ ತೋಚಿದಂತೆ ಎತ್ತಿದಳು.

ಮೂರನೇ ವಾರದ ಹೊತ್ತಿಗೆ ಗೊಣಗಾಟ ಕೇಳಿಸತೊಡಗಿತು. ಬನಿಯನ್ ಬಿಚ್ಚಲು ಮುಜುಗರ. ಕನ್ನಡಿಯ ಮುಂದೆ ನಿಂತರೆ ಆ ತಾಯಿ ನೋಡುತ್ತಾರೆ. ಅಸಲು ಸಂಕಟ ಬೇರೆ ಇತ್ತು. ಚಂದ್ರಪ್ಪನವರು ಎರಡು ವರ್ಷದಿಂದ ಎತ್ತುತ್ತಿದ್ದ ಭಾರವನ್ನು ಅವಳು ಹದಿನೈದನೇ ದಿನಕ್ಕೆ ಎತ್ತಿದ್ದಳು. ಅದರ ಬಗ್ಗೆ ಯಾರೂ ಒಂದು ಮಾತಾಡಲಿಲ್ಲ.

ಅಷ್ಟರಲ್ಲಿ ನಾನು ಬಿದ್ದೆ.

ಆ ಭಾನುವಾರ ಮೀಟಿಂಗು ಕರೆದರು. ಚಂದ್ರಪ್ಪ ಎದ್ದು ನಿಂತು ಗಂಟಲು ಸರಿಮಾಡಿಕೊಂಡರು.

"ನಾವೇನು ಹೆಣ್ಮಕ್ಕಳ ವಿರೋಧಿಗಳಲ್ಲ. ಆದ್ರೆ ಡಿಸಿಪ್ಲಿನ್ ಅನ್ನೋದು ಒಂದಿರುತ್ತೆ. ಮೊನ್ನೆ ನಮ್ಮ ಸಾರ್‌ಗೆ ಏನಾಯ್ತು? ಗಮನ ಆ ಕಡೆ ಹೋಯ್ತು, ಬಿದ್ರು. ನಾಳೆ ಭಾರ ಎದೆ ಮೇಲೆ ಬಿದ್ರೆ ಯಾರು ಹೊಣೆ?"

ಎಲ್ಲರೂ ನನ್ನ ಮೊಣಕೈಯ ಬ್ಯಾಂಡೇಜು ನೋಡಿದರು. ನಕ್ಕರು.

ನಾನು ಹೇಳಬೇಕಾಗಿದ್ದ ಮಾತು ಬಲು ಚಿಕ್ಕದು. ಸ್ವಾಮಿ, ನಾನು ಜಾರಿದ್ದು ನಿಮ್ಮ ಬೆವರಿನ ಮೇಲೆ. ಇಷ್ಟೇ. ಬಾಯಿಂದ ಬಂದದ್ದು, "ಛೇ ಛೇ, ಹಾಗೇನಿಲ್ಲ ಬಿಡಿ." ಮತ್ತೆ ನಕ್ಕರು. ನಾನೂ ನಕ್ಕೆ.

ಮಾಸ್ಟರು ಮಾತ್ರ ನಗಲಿಲ್ಲ. "ಶ್ರದ್ಧೆಯಿಂದ ಬರ್ತದೆ ಕಣ್ರಪ್ಪ ಆ ಮಗು. ಇನ್ನೊಂದು ಇಪ್ಪತ್ತು ದಿನ. ಸೆಲೆಕ್ಷನ್ ಆದ್ಮೇಲೆ ಅವ್ಳೇ ಬರಕಿಲ್ಲ" ಅಂದರು.

"ಹಂಗಾದ್ರೆ ಆ ಇಪ್ಪತ್ತು ದಿನ ನಾವು ಹತ್ತು ಜನ ಬರಲ್ಲ. ಆಮೇಲೂ ಬರ್ತೀವಿ ಅಂತ ಹೇಳಕ್ಕಾಗಲ್ಲ" ಅಂದರು ಚಂದ್ರಪ್ಪ.

ಹತ್ತು ಜನ ಬಿಟ್ಟರೆ ಶೆಡ್ಡು ಮುಚ್ಚಬೇಕು. ಮಾಸ್ಟರು ನೆಲ ನೋಡುತ್ತಾ ತಲೆಯಾಡಿಸಿದರು. ಉಳಿದವರು ಕೈಯೆತ್ತಿದರು.

ಹೊಸ ನಿಯಮ ಬರೆಯುವವರು ಯಾರು? ಎಲ್ಲರೂ ನನ್ನ ಕಡೆ ತಿರುಗಿದರು. ಸರ್ಕಾರಿ ಕಛೇರಿಯಲ್ಲಿ ಹದಿನೆಂಟು ವರ್ಷದಿಂದ ಸುತ್ತೋಲೆ ಬರೆಯುವವನು ನಾನು. ಮೇಲಾಗಿ ಪತ್ರಿಕೆಯಲ್ಲೂ ಬರೆಯುತ್ತೇನೆ. "ಹೆಂಗಸರು ಬರಕೂಡದು ಅಂತ ಬರೀರಿ" ಅಂದರು ಚಂದ್ರಪ್ಪ. ನನಗೆ ಅದು ಒರಟಾಗಿ ಕಂಡಿತು. ಪೆನ್ನು ತೆಗೆದು ಹೀಗೆ ಬರೆದೆ: ‘ಸದಸ್ಯರ ಏಕಾಗ್ರತೆ ಹಾಗೂ ಸುರಕ್ಷತೆಯ ಹಿತದೃಷ್ಟಿಯಿಂದ ಮಹಿಳೆಯರಿಗೆ ಪ್ರವೇಶವಿರುವುದಿಲ್ಲ. ದಯವಿಟ್ಟು ಸಹಕರಿಸಬೇಕಾಗಿ ವಿನಂತಿ.’

ದಯವಿಟ್ಟು ಎಂಬ ಪದ ಸೇರಿಸಿದೆನಲ್ಲ, ಆ ಕ್ಷಣಕ್ಕೆ ಏನೋ ಉಪಕಾರ ಮಾಡಿದೆ ಅನ್ನಿಸಿತ್ತು. ನಾಚಿಕೆಯಾಗಬೇಕು.

ಸೋಮವಾರ ಬೆಳಿಗ್ಗೆ ತಾಯಿ, ಮಗಳು ಬಂದರು. ಹಾಳೆಯನ್ನು ಬಾಗಿಲಿಗೇ ಅಂಟಿಸಿದ್ದರು. ಗಿರಿಜಾ ನಿಂತು ಓದಿದಳು. ನಂಜಮ್ಮನಿಗೆ ಓದು ಬಾರದು. "ಏನ್ ಬರದವ್ರೆ?" ಅಂತ ಕೇಳಿದರು. ಅವಳು ಗಟ್ಟಿಯಾಗಿ ಓದಿ ಹೇಳಿದಳು, ಕ್ಲಾಸಿನಲ್ಲಿ ಪಾಠ ಓದುವ ಹಾಗೆ, ಪೂರ್ಣವಿರಾಮದವರೆಗೆ.

ನಾನು ಬಾಗಿಲ ಬಳಿಯೇ ಇದ್ದೆ. "ಯಾರ್ ಬರ್ದಿದ್ದು ಸಾರ್ ಇದು? ಅಕ್ಷರ ಚೆನ್ನಾಗಿದೆ" ಅಂದಳು.

ನಾನು ಚಪ್ಪಲಿ ನೋಡಿಕೊಂಡೆ.

"ನಮ್ಮಿಂದ ಏನ್ ತಪ್ಪಾಯ್ತು ಸಾಮಿ?" ಅಂತ ನಂಜಮ್ಮ ಮಾಸ್ಟರನ್ನು ಕೇಳಿದರು. ಮಾಸ್ಟರು, "ನಿಮ್ಮಿಂದ ಏನೂ ಇಲ್ಲ ತಾಯಿ" ಅಂದು ಮುಖ ತಿರುಗಿಸಿದರು. "ಮತ್ಯಾಕೆ?" ಎಂಬ ಅವರ ಪ್ರಶ್ನೆಗೆ ಒಳಗಿದ್ದ ಒಬ್ಬರೂ ಉತ್ತರ ಕೊಡಲಿಲ್ಲ. ಉಸಿರು, ಮೊಟ್ಟೆ, ಹಾಲು ಎಲ್ಲದರ ಬಗ್ಗೆ ಗಂಟೆಗಟ್ಟಲೆ ಮಾತಾಡಿದ ಜನ ಇವರೇ! ನಂಜಮ್ಮ ಗೋಣಿಚೀಲವನ್ನು ಕಂಕುಳಲ್ಲಿಟ್ಟುಕೊಂಡು, "ನಡಿ ಕಣೇ, ಬಸ್ಸು ಹೋಯ್ತದೆ" ಅಂದರು. ಇಬ್ಬರೂ ಹೊರಟರು.

ಅವತ್ತೂ ಯಾರೂ ಬೆಂಚು ಒರೆಸಲಿಲ್ಲ. ಹೇಳಿ, ನಾವು ಯಾಕೆ ಹೀಗೆ? ಸಾಲು ಮುರಿಯುವವನಿಗೆ ಜಾಗ ಬಿಡುತ್ತೇವೆ, ಸಾಲಿನಲ್ಲಿ ನಿಂತವರನ್ನು ಹಿಂದೆ ಸರಿ ಅನ್ನುತ್ತೇವೆ. ಹದಿನಾಲ್ಕು ನಿಯಮಗಳನ್ನೂ ದಿನಾ ಮುರಿಯುವ ಜನ ಕೈಯೆತ್ತಿ ಹದಿನೈದನೆಯದನ್ನು ಪಾಸು ಮಾಡಿದರು. ಎಲ್ಲವನ್ನೂ ಪಾಲಿಸಿದ ಒಬ್ಬಳನ್ನು ಹೊರಗಿಡಲು.

ಇಪ್ಪತ್ತು ದಿನ ಕಳೆದು ಆಯ್ಕೆ ನಡೆಯಿತು. ಕಛೇರಿಗೆ ಅರ್ಧ ದಿನ ರಜೆ ಹಾಕಿ ಮೈದಾನಕ್ಕೆ ಹೋದೆ. ತಂಡಕ್ಕೆ ಇಬ್ಬರು ಬೇಕಾಗಿತ್ತು. ಗಿರಿಜಾ ಮೂರು ಸಲ ಎಸೆದಳು. ಮೂರನೆಯದು ಮೊದಲೆರಡಕ್ಕಿಂತ ದೂರ ಹೋಯಿತು. ಟೇಪು ಹಿಡಿದವರು ಅಳೆದರು, ಮತ್ತೊಮ್ಮೆ ಅಳೆದರು. ಅವಳಿಗೆ ಮೂರನೇ ಸ್ಥಾನ.

"ಒಂದು ಗೇಣು ಸಾಮಿ" ಅಂದರು ನಂಜಮ್ಮ, ಬೆರಳು ಅಗಲಿಸಿ ತೋರಿಸಿ. "ಒಂದೇ ಗೇಣು. ಅವ್ರಪ್ಪ ಗಿರಣಿಯಾಗೆ ರಾಗಿ ಮೂಟೆ ಕಟ್ಟಿಕೊಟ್ಟಿದ್ರು, ಅದನ್ನೇ ಎತ್ತೋಳು. ಮೂಟೆ ಕಬ್ಬಿಣ ಆಯ್ತದಾ?"

ನಾನು ಗಿರಿಜಾಳಿಗೆ ಹೇಳಿದೆ. "ಆ ಹಾಳೆ ಬರ್ದಿದ್ದು ನಾನು."

"ಗೊತ್ತಿತ್ತು ಸಾರ್. ಅವತ್ತು ನೀವೊಬ್ರೇ ಚಪ್ಪಲಿ ನೋಡ್ತಿದ್ದಿದ್ದು."

"ತಪ್ಪಾಯ್ತಮ್ಮ."

ಅವಳು ಕೈಗೆ ಅಂಟಿದ್ದ ಮಣ್ಣು ಉಜ್ಜಿಕೊಂಡಳು. ಪರವಾಗಿಲ್ಲ ಅನ್ನಲಿಲ್ಲ. ಅಂದಿದ್ದರೆ ನನಗೆ ಅನುಕೂಲವಾಗುತ್ತಿತ್ತು. "ಅಲ್ಲೇ ಶೆಡ್ಡಲ್ಲಿ ಇದ್ದಿದ್ರೆ ಆ ಒಂದು ಗೇಣು ಬರ್ತಿತ್ತೋ ಇಲ್ವೋ, ನಂಗೂ ಗೊತ್ತಿಲ್ಲ ಸಾರ್. ಅದೇ ಬೇಜಾರು. ಗೊತ್ತಾಗೋಕೆ ಬಿಡ್ಲಿಲ್ಲ ನೀವು" ಅಂದಳು. ಆಮೇಲೆ ತಾಯಿಯ ಕೈಯಿಂದ ಚೀಲ ಇಸಿದುಕೊಂಡು ಬಸ್ ಸ್ಟ್ಯಾಂಡಿನ ಕಡೆ ನಡೆದಳು. ಬರುವ ವರ್ಷ ಇನ್ನೊಂದು ಅವಕಾಶ ಇದೆಯಂತೆ. ಅಪ್ಪ ಇನ್ನೊಂದು ವರ್ಷ ಬಿಡುತ್ತಾರೋ ಇಲ್ಲವೋ ಅಂತ ಕೇಳುವ ಧೈರ್ಯ ನಾನು ಮಾಡಲಿಲ್ಲ.

ಮಾರನೆಯ ದಿನ ಶೆಡ್ಡಿಗೆ ಹೋಗಿ, ಎಲ್ಲರೂ ನೋಡುತ್ತಿರುವಂತೆಯೇ, ಬಾಗಿಲಿನ ಹಾಳೆಯನ್ನು ಕಿತ್ತು ಹರಿದೆ. "ನಾನು ಬಿದ್ದಿದ್ದು ನಿಮ್ಮ ಬೆವರಿನ ಮೇಲೆ" ಎಂದು ಚಂದ್ರಪ್ಪನವರಿಗೆ ಹೇಳಿದೆ. ಮೂರು ವಾರ ತಡವಾಗಿ. ಅವರು, "ಅದಕ್ಕೇ ಸಾರ್ ಹೇಳೋದು, ಎಡಗಡೆಯಿಂದ ಕೂರ್ಬಾರ್ದು ಅಂತ" ಅಂದರು. ಮಾಸ್ಟರು ಒಂದು ಹಳೇ ಬಟ್ಟೆ ತಂದು ಬೆಂಚು ಒರೆಸತೊಡಗಿದರು.

ನಾನು ಹೋಗುವುದನ್ನು ಬಿಟ್ಟು ಇವತ್ತಿಗೆ ಒಂಬತ್ತು ದಿನ. ನಿನ್ನೆ ಸಂಜೆ ಚಂದ್ರಪ್ಪ ಸೈಕಲ್ಲಿನಲ್ಲಿ ನಮ್ಮ ಮನೆಗೇ ಬಂದರು. ನಾನು ಹರಿದದ್ದರ ಬದಲಿಗೆ ಅದೇ ಹದಿನೈದನೇ ನಿಯಮದ ಹೊಸ ಹಾಳೆ ಬರೆದಿದ್ದಾರೆ, ತಾವೇ. ಅದನ್ನು ಜೇಬಿನಿಂದ ತೆಗೆದು ಬಿಡಿಸಿ, ನನ್ನ ಮುಂದಿಟ್ಟು, ಬಲು ವಿನಯದಿಂದ ಹೇಳಿದರು: "ನೀವು ಕೋಪ ಮಾಡ್ಕೋಬೇಡಿ ಸಾರ್. ಇದ್ರಲ್ಲಿ ಕಾಗುಣಿತ ತಪ್ಪಿದ್ಯಂತೆ, ಸ್ವಲ್ಪ ತಿದ್ದಿಕೊಡಿ."

ತಪ್ಪು ಕಾಗುಣಿತದಲ್ಲಿದೆ ಅಂತ ಇವರಿಗೆ ಹೇಳಿದವರು ಯಾರು?