ಕಂಬದ ಬುಡದಲ್ಲಿದ್ದ ಕಲ್ಲು

ಹಸು ಕತ್ತು ಉಜ್ಜಿತು, ಕಂಬದ ಬುಡ ಸರಿಯಿತು.

ಮೊನ್ನೆ ಸೋಮವಾರ, ಬೆಳಿಗ್ಗೆ ಆರೂವರೆ. ಕೊಟ್ಟಿಗೆಯಲ್ಲಿ ನನ್ನ ಹೆಂಡತಿ ಶಾಂತಾ ಹಾಲು ಕರೆಯುತ್ತಿದ್ದಳು. ಡೈರಿಗೆ ಹಾಕಿ ಬರಲು ನಾನು ಕ್ಯಾನ್ ಹಿಡಿದು ಬಾಗಿಲಲ್ಲಿ ನಿಂತಿದ್ದೆ.

ಪಕ್ಕದ ಹಸು ಉಜ್ಜಿದ ರಭಸಕ್ಕೆ ಅವಳ ಬೆನ್ನ ಹಿಂದಿನ ಕಂಬ ಬುಡದಲ್ಲಿ ಒಂದು ಗೇಣು ಆಚೆ ಹೋಯಿತು, ಮತ್ತೆ ಈಚೆ ಬಂತು. ಹಳೆಯ ಗೋಡೆ ಗಡಿಯಾರದ ಲೋಲಕದ ಹಾಗೆ...

ಮೇಲೆ ತೊಲೆ ಲಟಕ್ ಅಂದಿತು. ಮೂರು ಹೆಂಚು ಜಾರಿದವು. ಒಂದು ಶಾಂತಾಳ ಭುಜ ಸವರಿ, ಬಕೆಟ್ಟಿನ ಅಂಚಿಗೆ ಬಡಿದು ಎರಡು ಹೋಳಾಯಿತು. ಹಾಲೆಲ್ಲ ನೆಲಕ್ಕೆ.

ಅವಳು ಕಿರುಚಲಿಲ್ಲ. ತಿರುಗಿ ಕಂಬದ ಬುಡ ನೋಡಿ, "ಕಲ್ಲೆಲ್ಲಿ ಹೋಯ್ತು?" ಅಂದಳು.

ನನಗೆ ಅರ್ಥವಾಗಲಿಲ್ಲ. ಅಷ್ಟರಲ್ಲಿ ಓಡಿ ಹೋಗಿ ಕಂಬವನ್ನು ತಬ್ಬಿಕೊಂಡಿದ್ದೆ. ತಬ್ಬಿಕೊಂಡ ಮೇಲೆ ತಿಳಿಯಿತು, ಅದು ನೆಲದ ಮೇಲೆ ನಿಂತೇ ಇಲ್ಲ. ತೊಲೆಗೆ ನಾನೇ ಬಿಗಿದಿದ್ದ ಬೋಲ್ಟಿನಿಂದ ನೇತಾಡುತ್ತಿದೆ.

ಕಂಬ ಸೂರನ್ನು ಹೊತ್ತಿಲ್ಲ. ಸೂರು ಕಂಬವನ್ನು ಹೊತ್ತಿದೆ.

ಆ ಕೊಟ್ಟಿಗೆಯ ಆರೂ ಕಂಬಗಳನ್ನು ಮಾಡಿದವನು ನಾನೇ. ಮಾದಿಹಳ್ಳಿ ಕಡೆಯ ಊರು ನಮ್ಮದು. ಹಳೇಬೀಡಿನಲ್ಲಿ ಮಕ್ಕಳಿಗೆ ಗಣಿತ ಹೇಳಿಕೊಡುತ್ತೇನೆ, ಉಳಿದ ಹೊತ್ತು ಹೊಲ.

ಎರಡು ವರ್ಷದ ಹಿಂದೆ ಬೇಸಿಗೆ ರಜೆಯಲ್ಲಿ ಬದುವಿನ ನೀಲಗಿರಿ ಕಡಿಸಿದೆ. ತೊಗಟೆ ಸುಲಿದು, ನೆರಳಲ್ಲಿ ಒಣಗಿಸಿ, ತಲೆಯ ಕಡೆ ತೊಲೆ ಕೂರಲು ಕಚ್ಚು ತೆಗೆದೆ. ಅಂಗೈ ತುಂಬ ಬೊಬ್ಬೆ ಎದ್ದವು. ಆ ಬೊಬ್ಬೆಗಳ ಫೋಟೋ ಇಲ್ಲೇ ಹಾಕಿದ್ದೆ, ನಿಮ್ಮಲ್ಲಿ ಕೆಲವರು ಲೈಕ್ ಒತ್ತಿದ್ದೀರಿ.

ನಮ್ಮ ಕಡೆ ಕಂಬ ನೆಡುವ ಮುಂಚೆ ಮಣ್ಣಿಗೆ ಹೋಗುವ ಭಾಗವನ್ನು ಬೆಂಕಿಯಲ್ಲಿ ಸುಡುತ್ತಾರೆ. ಕರಕಾದ ಮರವನ್ನು ಗೆದ್ದಲು ಬೇಗ ಮುಟ್ಟುವುದಿಲ್ಲ. ಗುಂಡಿ ಎರಡೂವರೆ ಅಡಿ. ನಾನು ಟೇಪ್ ಹಿಡಿದು, ಸೀಮೆಸುಣ್ಣದಲ್ಲಿ ಗೆರೆ ಎಳೆದು, ಸರಿಯಾಗಿ ಎರಡೂವರೆ ಅಡಿ ಸುಟ್ಟೆ.

ಗೆರೆಯ ಕೆಳಗೆ ಕಪ್ಪು, ಮೇಲೆ ಬಿಳಿ. ನೋಡಲು ಚಂದವಾಗಿತ್ತು.

ಮೊದಲ ಮಳೆಗಾಲಕ್ಕೇ ಕೊಟ್ಟಿಗೆ ಕೆಸರಾಯಿತು. ಟ್ರ್ಯಾಕ್ಟರಿನಲ್ಲಿ ಕಲ್ಲು ಬೆರೆತ ಗೊಚ್ಚು ಮಣ್ಣು ಹೊಡೆಸಿ ನೆಲವನ್ನು ಒಂದಡಿ ಎತ್ತರಿಸಿದೆ. ಗೆರೆ ಮಣ್ಣಿನೊಳಗೆ ಹೋಯಿತು. ಗೆರೆಯ ಮೇಲಿನ ಒಂದಡಿ ಸುಡದ ಬಿಳಿ ಮರವೂ ಜೊತೆಗೇ ಹೋಯಿತು. ಆಗ ನನಗೆ ಏನೂ ಹೊಳೆಯಲಿಲ್ಲ.

ಸೋಮವಾರವೇ ಬಡಗಿ ಪುಟ್ಟಾಚಾರ್ ಬಂದು ಅಗೆದು ನೋಡಿದರು. ಆಳದಲ್ಲಿ ಸುಟ್ಟ ಬುಡ ಕಬ್ಬಿಣದ ಹಾಗೆ ಗಟ್ಟಿಯಾಗಿದೆ. ಅದರ ಮೇಲಿನ ಒಂದಡಿಯಲ್ಲಿ ಮರವೇ ಇಲ್ಲ, ಮರದ ಆಕಾರದ ಮಣ್ಣು. ಬೆರಳಿಟ್ಟೆ... ಒಳಕ್ಕೆ ಹೋಯಿತು.

"ಸುಟ್ಟಿರೋದು ಕೆಳಗೈತೆ, ಗೆದ್ಲು ಮೇಲೈತೆ. ಲೆಕ್ಕದ ಮೇಷ್ಟ್ರು ನೀವು, ಆ ಟೇಪ್ನ ಗೆದ್ಲಿಗೂ ಒಂದ್ಸಲ ತೋರಿಸ್ಬೇಕಿತ್ತು ಕಣ್ರೀ," ಅಂದು ಅವರು ನಕ್ಕರು.

ನಾನೂ ನಕ್ಕೆ. ಉಳಿದ ಐದು ಕಂಬಗಳನ್ನು ಅವರು ತಟ್ಟಿ ನೋಡಿದಾಗ ಎರಡು ಟೊಳ್ಳು ಸದ್ದು ಮಾಡಿದವು. ಆಮೇಲೆ ಯಾರೂ ನಗಲಿಲ್ಲ.

ಕಲ್ಲಿನ ವಿಷಯ ಮಧ್ಯಾಹ್ನ ಗೊತ್ತಾಯಿತು.

ಆ ಕಂಬದ ಬುಡಕ್ಕೆ ಒಂದು ಚಪ್ಪಡಿ ಕಲ್ಲು ಒತ್ತಿಕೊಂಡು ಇತ್ತು. ಎಷ್ಟೋ ದಿನದಿಂದ ನೋಡುತ್ತಿದ್ದೆ, ಶಾಂತಾ ಕೂರುವುದಕ್ಕೆ ತಂದಿರಬೇಕು ಅಂದುಕೊಂಡಿದ್ದೆ. ಭಾನುವಾರ ಸಂಜೆ ಕೊಟ್ಟಿಗೆ ಗುಡಿಸುವಾಗ ಅದನ್ನು ಎಡವಿದೆ. ಎತ್ತಿ ತಿಪ್ಪೆಯ ಪಕ್ಕ ಹಾಕಿ, ಆ ಜಾಗಕ್ಕೆ ಒಣಹುಲ್ಲು ಹರಡಿದೆ. ಕೊಟ್ಟಿಗೆ ಅಚ್ಚುಕಟ್ಟಾಗಿ ಕಂಡಿತು.

"ಒಂದು ತಿಂಗ್ಳಿಂದ ಕಂಬ ಅಲ್ಲಾಡ್ತಿತ್ತು. ಅದಕ್ಕೇ ಕಲ್ಲು ಒತ್ತಿಟ್ಟಿದ್ದೆ," ಅಂದಳು ಶಾಂತಾ.

ನನಗೆ ಯಾಕೆ ಹೇಳಲಿಲ್ಲ ಅಂತ ಕೇಳಿದೆ.

"ಹೇಳಿದ್ನಲ್ಲ. ನೀವು ಫೋನಿಂದ ತಲೆನೂ ಎತ್ಲಿಲ್ಲ. ಎರಡೂವರೆ ಅಡಿ ಹೂತಿದೀನಿ, ಅದೆಂಗೆ ಅಲ್ಲಾಡ್ತದೆ ಅಂದ್ರಿ."

ಹೇಳಿದ್ದು ನನಗೆ ನೆನಪಿಲ್ಲ. ಆದರೆ ಆ ಮಾತು ನನ್ನದೇ, ಗುರುತು ಸಿಗುತ್ತದೆ.

ಬೇರೆ ಕಡೆ ಕೂತು ಕರೆಯಬಹುದಿತ್ತಲ್ಲ ಅಂದೆ.

"ಜಾಗ ಬದಲಾಯಿಸಿದ್ರೆ ಗೌರಿ ಹಾಲೇ ಇಳ್ಸಲ್ಲ ರೀ. ನಿಮ್ಗೆ ಹಸುನೂ ಗೊತ್ತಿಲ್ಲ," ಅಂದು ಒಳಗೆ ಹೋದಳು.

ಅಂದರೆ ಒಂದು ತಿಂಗಳು, ದಿನಕ್ಕೆ ಎರಡು ಸಲ, ಅವಳು ಆ ಕಂಬಕ್ಕೆ ಬೆನ್ನು ಕೊಟ್ಟು ಕೂತಿದ್ದಾಳೆ. ಅದು ಅಲ್ಲಾಡುತ್ತದೆ ಅಂತ ಗೊತ್ತಿದ್ದೂ. ಒಂದು ಕಲ್ಲನ್ನು ನಂಬಿ.

ನಾನು ಎರಡೂವರೆ ಅಡಿಯನ್ನು ನಂಬಿ, ಕ್ಯಾನ್ ಹಿಡಿದು ಬಾಗಿಲಲ್ಲಿ ನಿಂತಿದ್ದೇನೆ.

ನಾಲ್ಕು ದಿನವಾಯಿತು. ಪಾಠದ ನಡುವೆ ಬೋರ್ಡಿನ ಮೇಲೆ ಗೆರೆ ಎಳೆಯಲು ಹೋದರೆ ಕೈ ನಿಲ್ಲುತ್ತದೆ. ಆ ಹೆಂಚು ನಾಲ್ಕು ಬೆರಳು ಈಚೆ ಬಿದ್ದಿದ್ದರೆ... ಅಲ್ಲಿಂದ ಮುಂದೆ ಯೋಚನೆ ಹೋಗುವುದಿಲ್ಲ.

ಹೊಸ ಕಂಬಗಳನ್ನು ಪುಟ್ಟಾಚಾರ್ ಮಣ್ಣಿಗೆ ಇಳಿಸುತ್ತಿಲ್ಲ. ಒಂದೊಂದಕ್ಕೂ ಕೆಳಗೆ ಕಲ್ಲು ಕೊಟ್ಟು ನಿಲ್ಲಿಸುತ್ತಿದ್ದಾರೆ. "ದಿನಾ ಹಳೇಬೀಡು ದೇವಸ್ಥಾನದ ಮುಂದ್ಲಿಂದ್ಲೇ ಓಡಾಡ್ತೀರ, ಅಲ್ಲಿ ಯಾವ್ ಕಂಬನಾದ್ರೂ ಮಣ್ಣಲ್ಲಿ ಹೂತವ್ರಾ ಮೇಷ್ಟ್ರೇ?" ಅಂದರು.

ಇವತ್ತು ಬೆಳಿಗ್ಗೆ ಶಾಂತಾ ತಿಪ್ಪೆಯ ಪಕ್ಕದಿಂದ ಆ ಚಪ್ಪಡಿಯನ್ನು ತಾನೇ ಹೊತ್ತು ತಂದು, ತೊಳೆದು, ಕೊಟ್ಟಿಗೆಯಲ್ಲಿ ಇಟ್ಟಳು. ಅವಳು ಬೆನ್ನು ಕೊಟ್ಟು ಕೂರುವ ಕಂಬದ ಕೆಳಗೆ ಆಚಾರ್ರು ಅದನ್ನೇ ಕೊಟ್ಟರು.

ನಿಮ್ಮ ಮನೆಯಲ್ಲಿ ದಿನಾ ಕಾಲಿಗೆ ಸಿಗುವ ಕಲ್ಲನ್ನು ಎತ್ತಿ ಹಾಕುವ ಮುಂಚೆ, ಅದನ್ನು ಅಲ್ಲಿ ಯಾರು ಇಟ್ಟರು, ಯಾಕೆ ಇಟ್ಟರು ಅಂತ ಎಂದಾದರೂ ಕೇಳಿದ್ದೀರಾ?