ಒಂದೂಕಾಲು ವೋಲ್ಟ್

ಹೆಂಡತಿಯ ಕಂಪ್ಯೂಟರ್ ಆ ವಾರ ನಾಲ್ಕನೆಯ ಸಲ ತಾನಾಗಿ ಆರಿಹೋದಾಗ ಅವಳು ಕುರ್ಚಿಯನ್ನು ಹಿಂದಕ್ಕೆ ತಳ್ಳಿ, ಎರಡೂ ಕೈಗಳನ್ನು ದುಪಟ್ಟಾದಲ್ಲಿ ಒರೆಸಿಕೊಂಡಳು. ಕೈ ಒದ್ದೆಯಾಗಿರಲಿಲ್ಲ.

"ನನ್ ಕೈಗುಣಾನೇ ಇಷ್ಟು. ಬಿಡಿ, ಅವರಿಗೆ ಫೋನ್ ಮಾಡಿ ಆಗಲ್ಲ ಅಂತ ಹೇಳ್ಬಿಡ್ತೀನಿ" ಎಂದಳು.

ಅವರು ಎಂದರೆ ಚಿಕ್ಕಜಾಲದ ಬಳಿ ಅಪಾರ್ಟ್‌ಮೆಂಟ್ ಕಟ್ಟಲು ಹೊರಟಿದ್ದ ಒಬ್ಬ ಬಿಲ್ಡರ್. ಇನ್ನೂ ಬರೀ ಬಯಲಾಗಿರುವ ಜಾಗದಲ್ಲಿ ಕಟ್ಟಡ ಎದ್ದು ನಿಂತಂತೆ, ಸಂಜೆಯ ಬಿಸಿಲು ಗಾಜಿನ ಮೇಲೆ ಬಿದ್ದಂತೆ ಆರು ಚಿತ್ರಗಳನ್ನು ಅವಳು ಮಾಡಿಕೊಡಬೇಕಿತ್ತು. ಮಗಳು ಹುಟ್ಟಿದಾಗ ಬಿಟ್ಟಿದ್ದ ಕೆಲಸ ಒಂಬತ್ತು ವರ್ಷಗಳ ನಂತರ ಮೊದಲ ಸಲ ಹುಡುಕಿಕೊಂಡು ಬಂದಿತ್ತು. ಸೋಮವಾರ ಕೊಡಬೇಕು, ಆವತ್ತು ಶನಿವಾರ. ಗೋಡೆ, ಕಿಟಕಿ, ಮೆಟ್ಟಿಲು ಎಲ್ಲವನ್ನೂ ಬರೆದು ಮುಗಿಸಿದ್ದಳು. ಅವನ್ನು ಫೋಟೊದಂತೆ ಮಾಡುವ ಲೆಕ್ಕ ಕಂಪ್ಯೂಟರಿನದು. ಅದಕ್ಕೆ ರೆಂಡರ್ ಎನ್ನುತ್ತಾರೆ. ಆ ಲೆಕ್ಕ ಅರ್ಧಕ್ಕೆ ಬರುವಷ್ಟರಲ್ಲಿ ಪರದೆ ಕಪ್ಪಾಗುತ್ತಿತ್ತು.

ಕೈಗುಣ ಎನ್ನುವುದು ಒಳ್ಳೆಯ ಡಾಕ್ಟರಿಗೆ, ಉಪ್ಪಿನಕಾಯಿ ಹಾಕುವ ಅಜ್ಜಿಯರಿಗೆ ಹೇಳುವ ಮಾತು. ನಮ್ಮ ಮನೆಯಲ್ಲಿ ಮಾತ್ರ ಅದು ತಿರುಗಿ ನಿಂತಿತ್ತು: ಅವಳು ಮುಟ್ಟಿದ ಯಂತ್ರ ಕೆಡುತ್ತದೆ ಎಂದು. ಅವಳ ತವರಿನ ತಮಾಷೆ ಅದು ಎಂದೇ ನಾನು ನಂಬಿದ್ದೆ.

"ನಿಮ್ಮಮ್ಮ ಯಾವತ್ತೋ ಅಂದಿದ್ದನ್ನ ಇನ್ನೂ ಹಿಡ್ಕೊಂಡಿದ್ಯಲ್ಲೇ" ಎಂದೆ.

"ನಮ್ಮಮ್ಮನಾ? ಮಿಕ್ಸಿ ಸುಟ್ಟ ದಿನ ನೀವೇ ಅಂದಿದ್ದು ಕಣ್ರೀ. ನಗ್ತಾ ಅಂದ್ರಿ. ಆಮೇಲೆ ಇಸ್ತ್ರಿಪೆಟ್ಟಿಗೆಗೂ ಅದನ್ನೇ ಅಂದ್ರಿ."

ನಾನು ಯಲಹಂಕದ ಕಾಲೇಜೊಂದರಲ್ಲಿ ಇತಿಹಾಸ ಪಾಠ ಮಾಡುತ್ತೇನೆ. ನೆನಪನ್ನು ನಂಬಬೇಡಿ, ಬರೆದದ್ದನ್ನು ನೋಡಿ ಎಂದು ಮಕ್ಕಳಿಗೆ ಹೇಳುವವನು. ಹೋಗಿ ಹಳೆಯ ಡೈರಿ ತೆಗೆದೆ. ಆ ದಿನದ ಪುಟದಲ್ಲಿ ನನ್ನದೇ ಅಕ್ಷರ: "ಮಿಕ್ಸಿ ಕೆಟ್ಟಿತು. ಚಟ್ನಿಪುಡಿಯಲ್ಲೇ ಊಟ." ಅಷ್ಟೇ. ಊಟ ಬರೆದಿದ್ದೇನೆ, ಮಾತು ಬರೆದಿಲ್ಲ. ಅವಳು ಹೇಳಿದ್ದು ಸುಳ್ಳು ಎನ್ನುವುದಕ್ಕೆ ಆ ಪುಟ ಸಾಕ್ಷಿಯಾಗಬಹುದೇ? ನನಗೆ ಹಾಗನ್ನಿಸಲಿಲ್ಲ. ಆಡಿದವನಿಗೆ ಬರೆದಿಡುವಷ್ಟು ದೊಡ್ಡದೆನಿಸದ ಮಾತನ್ನು ಕೇಳಿಸಿಕೊಂಡವಳು ದಿನಾಂಕವಿಲ್ಲದೆಯೇ ಇಟ್ಟುಕೊಂಡಿದ್ದಳು. ಅವಳ ಮುಂದೆ ಹೋಗಿ ನಿಂತೆ. "ನಾಳೆ ಸಂಜೆವರೆಗೂ ಫೋನ್ ಮಾಡ್ಬೇಡ" ಎಂದು ಮಾತ್ರ ಹೇಳಲು ಬಂತು.

ನಾನು ಮಾಡಿದ್ದು ಕಂಪ್ಯೂಟರಿನ ಡಬ್ಬಿ ಬಿಚ್ಚಿ ಧೂಳು ಊದಿದ್ದು. ಅದರಿಂದ ನನಗೆ ಸೀನು ಬಂತೇ ಹೊರತು ಬೇರೇನೂ ಆಗಲಿಲ್ಲ. ಅವಳು ಭಾನುವಾರ ಬೆಳಿಗ್ಗೆ ಒಳಗಿನ ಬಿಸಿ ಮತ್ತು ವಿದ್ಯುತ್ತನ್ನು ತೋರಿಸುವ ಒಂದು ಸಣ್ಣ ಪ್ರೋಗ್ರಾಂ ಹಾಕಿಕೊಂಡು ಕೂತಿದ್ದಳು.

"ರೀ, ಇಲ್ನೋಡಿ. ವೋಲ್ಟೇಜ್ ಜಾಸ್ತಿ ಇದೆ."

ನಾನು ಪರದೆ ನೋಡಲಿಲ್ಲ. ನೇರವಾಗಿ ಬಾಲ್ಕನಿಗೆ ಹೋಗಿ ಕೆಳಗೆ ಕೂಗಿದೆ: "ಯಜಮಾನ್ರೇ, ಲೈನಲ್ಲಿ ವೋಲ್ಟೇಜ್ ಜಾಸ್ತಿ ಬರ್ತಿದೆಯಂತೆ!"

ಯಜಮಾನರು ನಮ್ಮ ಮನೆಯ ಮಾಲೀಕರು. ಬಾಗಲಗುಂಟೆಯ ಈ ರಸ್ತೆ ಇನ್ನೂ ಹೊಲವಾಗಿದ್ದಾಗ ಇಲ್ಲಿ ರಾಗಿ ಬೆಳೆದವರು. ರಸ್ತೆಗೆ ಹೊಸ ಟ್ರಾನ್ಸ್‌ಫಾರ್ಮರ್ ತರಿಸಲು ತಿಂಗಳುಗಟ್ಟಲೆ ಓಡಾಡಿದವರು. ವೋಲ್ಟೇಜ್ ಸರಿಯಿಲ್ಲ ಎಂದರೆ ಅವರ ಮಗನ ನಡತೆ ಸರಿಯಿಲ್ಲ ಎಂದ ಹಾಗೆ. ಮೀಟರ್ ಹಿಡಿದು ಮೆಟ್ಟಿಲೇರಿ ಬಂದವರೇ ಗೋಡೆಯ ಪ್ಲಗ್ಗಿಗೆ ಅದರ ಕಡ್ಡಿಗಳನ್ನು ಚುಚ್ಚಿದರು.

"ಇನ್ನೂರ ಇಪ್ಪತ್ತೆಂಟು. ಬಂಗಾರ್‌ದಂಗೈತೆ! ಯಾರು ಮೇಷ್ಟ್ರೇ ಜಾಸ್ತಿ ಅಂದೋರು?"

ಹೆಂಡತಿಗೆ ಆ ವಾರದಲ್ಲಿ ಮೊದಲ ಸಲ ನಗು ಬಂತು. "ಗೋಡೆದಲ್ಲ ಯಜಮಾನ್ರೇ. ಕಂಪ್ಯೂಟರ್ ಒಳಗೆ ಪ್ರೊಸೆಸರ್ ಅಂತ ಇರತ್ತಲ್ಲ, ಲೆಕ್ಕ ಮಾಡೋದು, ಅದಕ್ಕೆ ಹೋಗೋ ವೋಲ್ಟೇಜು. ಒಂದೂಕಾಲು ವೋಲ್ಟ್ ಇದ್ರೆ ಸಾಕು. ಒಂದೂವರೆ ಹತ್ತತ್ರ ಹೋಗ್ತಿದೆ."

"ಒಂದೂವರೇನಾ? ಟಾರ್ಚ್ ಸೆಲ್ಲಲ್ಲೇ ಅಷ್ಟಿರ್ತದೆ ಕಣಮ್ಮ! ಅಷ್ಟಕ್ಕೆ ಇಂಗೆ ಬಿಸಿ ಆಗ್ತದಾ?"

"ಆ ಕಾಲು ವೋಲ್ಟೇ ಅದಕ್ಕೆ ಭಾರ."

ಅವಳು ನಮ್ಮಿಬ್ಬರನ್ನೂ ಕೂರಿಸಿ ತೋರಿಸಿದಳು. ಸುಮ್ಮನಿರುವಾಗ ಆ ಅಂಕಿ ಕ್ಷಣಕಾಲ ಏರಿ ಇಳಿದರೆ ಹೆದರಬೇಕಿಲ್ಲವಂತೆ. ಆಗ ಹರಿಯುವ ವಿದ್ಯುತ್ತು ಕಡಿಮೆ. ಪೂರ್ತಿ ದುಡಿಯುವಾಗ ಅದು ಇಳಿದು ನಿಲ್ಲಬೇಕು. ನಮ್ಮದು ಇಳಿಯದೆ ಮೇಲೆಯೇ ನಿಂತಿತ್ತು. ಬಿಸಿ ನೂರು ಡಿಗ್ರಿ ಮುಟ್ಟುತ್ತಿತ್ತು, ಆಗ ಯಂತ್ರ ತನ್ನನ್ನು ಉಳಿಸಿಕೊಳ್ಳಲು ತಾನೇ ಆರುತ್ತಿತ್ತು. ಎಷ್ಟು ವೋಲ್ಟ್ ಕೊಡಬೇಕೆಂದು ನಿರ್ಧರಿಸುತ್ತಿದ್ದದ್ದು ಮದರ್‌ಬೋರ್ಡ್, ಎಂದರೆ ಎಲ್ಲ ಬಿಡಿಭಾಗಗಳೂ ಕೂರುವ ಹಲಗೆ. ಅದರ ಸೆಟ್ಟಿಂಗ್ಸ್ ಪುಟದಲ್ಲಿ ವೋಲ್ಟೇಜ್ ಎಂಬ ಸಾಲಿನ ಮುಂದೆ ಒಂದೇ ಪದವಿತ್ತು: ಆಟೋ. ಪ್ರತಿಯೊಂದು ಪ್ರೊಸೆಸರಿನ ಹಸಿವು ಬೇರೆ. ಯಾವುದು ಬಂದು ಕೂತರೂ ಕಡಿಮೆಯಾಗದಿರಲಿ, ವೇಗವಾಗಿಯೂ ಕಾಣಲಿ ಎಂದು ಅದು ಎಲ್ಲಕ್ಕೂ ಒಂದಿಷ್ಟು ಹೆಚ್ಚೇ ಕೊಡುತ್ತದೆ. ಡಬ್ಬಿಯಿಂದ ಹೊರತೆಗೆದ ದಿನದಿಂದಲೂ ಹಾಗೆಯೇ ಇತ್ತು.

"ಆಟೋ ಅಂತ ಬರ್ದ್ಮೇಲೆ ಇನ್ನೇನ್ರೀ, ಒಂದೂವರೆ ಕೇಳ್ದೆ ಬಿಡತ್ತಾ? ಯಶವಂತಪುರ ಸ್ಟೇಷನ್ ಮುಂದೆ ಮೀಟರ್ ಹಾಕದೆ ನಿಂತಿರೋ ಆಟೋದೋರ ಹಂಗೆ" ಎಂದಳು.

ಯಜಮಾನರು ಗೋಡೆಗೆ ಒರಗಿ ನಕ್ಕರು. ನಾನೂ ನಕ್ಕೆ. ನಗುತ್ತಿರುವಾಗಲೇ ನನಗೆ ಹೊಳೆದದ್ದು, ಮಿಕ್ಸಿಯ ದಿನವೂ ಹೀಗೇ ನಕ್ಕಿರಬೇಕು, ಅವಳು ನಕ್ಕಿರಲಿಕ್ಕಿಲ್ಲ. ಇದು ನೆನಪೋ ಊಹೆಯೋ ಗೊತ್ತಿಲ್ಲ. ಊಹೆ ಎಂದೇ ಬರೆಯುತ್ತೇನೆ.

ಮಾಡಬೇಕಾದದ್ದನ್ನು ಅವಳು ಮಗಳ ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಬರೆದಿಟ್ಟಿದ್ದಳು. ಮೊದಲು ಮದರ್‌ಬೋರ್ಡ್ ತಯಾರಿಸಿದವರೇ ಕೊಡುವ ಹೊಸ ತಂತ್ರಾಂಶವನ್ನು ಪೆನ್‌ಡ್ರೈವಿನಿಂದ ಹಾಕುವುದು. ಆಮೇಲೆ ವೋಲ್ಟೇಜನ್ನು ಚೂರು ಚೂರಾಗಿ ಇಳಿಸುವುದು, ಪ್ರತಿ ಸಲ ಓಡಿಸಿ ನೋಡುವುದು. ಮೊದಲನೆಯದರ ನಡುವೆ ಕರೆಂಟ್ ಹೋದರೆ ಬೋರ್ಡೇ ಹೋದೀತು.

"ಕರೆಂಟ್ ವಿಚಾರ ನಂಗ್ಬಿಡು. ಓಗಲ್ಲ" ಎಂದರು ಯಜಮಾನರು, ಟ್ರಾನ್ಸ್‌ಫಾರ್ಮರ್ ಅವರ ಜೇಬಿನಲ್ಲೇ ಇದ್ದ ಹಾಗೆ.

ಕರೆಂಟ್ ಹೋದರೆ ಕಾಯಲು ಯುಪಿಎಸ್ ಇದ್ದರೂ ಹೆಂಡತಿ ಎದ್ದು ನಿಂತಳು. "ರೀ, ನೀವೇ ಒತ್ತಿ. ನಾನ್ ಮುಟ್ಟಲ್ಲ."

ನಾನು ಕುರ್ಚಿಯ ತನಕ ಹೋದೆ. ಒತ್ತುವುದು ಸುಲಭವಿತ್ತು, ಒಂದೇ ಗುಂಡಿ. ಆದರೆ ನಾನು ಒತ್ತಿ ಅದು ಸರಿಹೋದರೆ, ಮಿಕ್ಸಿಯ ದಿನ ನಾನು ಆಡಿದ ಮಾತು ನಿಜವಾದಂತೆಯೇ.

"ಬರೆದೋಳು ನೀನು, ನನಗೆ ಓದೋಕ್ ಬರತ್ತೆ ಅಷ್ಟೇ. ನಾನ್ ಓದ್ತೀನಿ, ನೀನ್ ಒತ್ತು" ಎಂದೆ. "ಕೈಗುಣ ಅಂದಿದ್ದು ನಾನೇ. ತಪ್ಪಾಯ್ತು."

ಯಜಮಾನರು ಕಿಟಕಿಯ ಕಡೆ ತಿರುಗಿ ಹೊರಗಿನ ತಂತಿಗಳನ್ನು ಬಹಳ ಆಸಕ್ತಿಯಿಂದ ನೋಡತೊಡಗಿದರು. ಅವಳು ಕುರ್ಚಿ ಎಳೆದುಕೊಂಡಳು. ಕೂತು ಒತ್ತಿದಳು.

ಹೊಸ ತಂತ್ರಾಂಶ ಕೂತಿತು. ಆಟೋ ಎಂಬ ಪದವನ್ನು ಅಳಿಸಿ ಅವಳೇ ಅಂಕಿ ಹಾಕಿದಳು. ಮೊದಲ ಮೆಟ್ಟಿಲು, ಎರಡನೆಯದು, ಮೂರನೆಯದು. ಬಿಸಿ ಪ್ರತಿ ಸಲ ಇಳಿಯಿತು. ನಾಲ್ಕನೆಯದಕ್ಕೆ ಪರದೆ ಅಲ್ಲಾಡದೆ ನಿಂತುಬಿಟ್ಟಿತು. ಅವಳ ಕೈ ಮತ್ತೆ ದುಪಟ್ಟಾ ಕಡೆಗೆ ಹೋಯಿತು.

"ನೋಡಿದ್ರಾ?"

ನಾನು ಅವಳ ಹಾಳೆಯನ್ನು ಗಟ್ಟಿಯಾಗಿ ಓದಿದೆ: "'ತೀರಾ ಕಡಿಮೆ ಆದ್ರೆ ಸ್ತಬ್ಧ ಆಗತ್ತೆ. ಹೆದರಬಾರದು. ಒಂದು ಮೆಟ್ಟಿಲು ವಾಪಸ್.' ಯಾರ ಅಕ್ಷರ ಇದು?"

ಅವಳು ಒಂದು ಕ್ಷಣ ಹಾಳೆಯನ್ನೇ ನೋಡಿದಳು. ಯಂತ್ರವನ್ನು ಆರಿಸಿ, ಮತ್ತೆ ಹಚ್ಚಿ, ಒಂದು ಮೆಟ್ಟಿಲು ಮೇಲೆ ಬಂದಳು. ರೆಂಡರ್ ಶುರುವಾಯಿತು. ವೋಲ್ಟೇಜ್ ಒಂದೂಕಾಲರ ಆಸುಪಾಸು, ಬಿಸಿ ಎಪ್ಪತ್ತೆಂಟು. ಅರ್ಧ ದಾಟಿತು. ಫ್ಯಾನಿನ ಅಬ್ಬರ ಎಷ್ಟು ತಗ್ಗಿತ್ತೆಂದರೆ ಪಕ್ಕದ ಮನೆಯ ಕುಕ್ಕರಿನ ಸೀಟಿ ಕೇಳಿಸಿತು. ಇಷ್ಟು ದಿನದ ಬಿಸಿಗೆ ಒಳಗೆ ಏನಾದರೂ ಸವೆದಿದೆಯೋ ನಮಗೆ ತಿಳಿಯದು. ಆವತ್ತಿನ ಮಟ್ಟಿಗೆ ಮೊದಲ ಚಿತ್ರ ಊಟದ ಹೊತ್ತಿಗೆ ಪೂರ್ತಿಯಾಯಿತು, ಉಳಿದವು ಸಂಜೆಯೊಳಗೆ.

ಯಜಮಾನರು ಚಿತ್ರವನ್ನು ಹತ್ತಿರದಿಂದ ನೋಡಿ, "ಚಿಕ್ಕಜಾಲದ ಆ ಬಯಲೇನಮ್ಮ ಇದು? ಅಲ್ಲಿ ಬರೀ ಲಂಟಾನ ಪೊದೆ ಐತಲ್ಲ" ಎಂದರು.

"ಇನ್ನೂ ಇದೆ ಯಜಮಾನ್ರೇ. ನಾನ್ ತೆಗ್ದಿದೀನಿ ಅಷ್ಟೇ."

ಸಂಜೆ ಅವಳು ಬಿಲ್ಡರಿಗೆ ಫೋನ್ ಮಾಡಿದಳು. ಆರೂ ಮುಗಿದಿವೆ, ಬೆಳಿಗ್ಗೆ ಕಳಿಸುತ್ತೇನೆ ಎಂದಳು. ನಾನು ಹಳೆಯ ಡೈರಿಯ ಮಿಕ್ಸಿಯ ಪುಟ ತೆಗೆದು, ಚಟ್ನಿಪುಡಿಯ ಕೆಳಗೆ, ಅವಳು ನೆನಪಿಸಿದ ಮಾತನ್ನು ಸೇರಿಸಿದೆ. ಆವತ್ತೇ ಬರೆದದ್ದೆಂದು ಯಾರೂ ತಿಳಿಯದಿರಲಿ ಎಂದು ಬೇರೆ ಬಣ್ಣದ ಶಾಯಿಯಲ್ಲಿ ಬರೆದೆ. ಅವಳಿಗೆ ತೋರಿಸಿದೆ.

ಓದಿ, ಪೆನ್ನು ಇಸಿದುಕೊಂಡು, ಪಕ್ಕದಲ್ಲಿ ಅವಳೂ ಒಂದು ಸಾಲು ಸೇರಿಸಿದಳು: "ಇಸ್ತ್ರಿಪೆಟ್ಟಿಗೆ ಬಿಟ್ಟುಹೋಗಿದೆ."