ಒಲೆ ಮುಟ್ಟಿ ನೋಡುವ ಗುಮಾಸ್ತರು

ನಿಜಾಮರ ಆಳ್ವಿಕೆ ಹೋಗಿ ಸುರಪುರದಲ್ಲಿ ಟೋಪಿಗಳ ಬಣ್ಣ ಬದಲಾದ ಕಾಲ. ನಮ್ಮ ಓಣಿಗೆ ಬರುತ್ತಿದ್ದ ಮನೆತೆರಿಗೆಯ ಗುಮಾಸ್ತರೂ ಕೆಂಪು ಟೋಪಿ ಬಿಟ್ಟು ಬಿಳಿಯದನ್ನು ಹಾಕಿಕೊಂಡಿದ್ದರು. ಒಳಗಿನ ತಲೆ ಮಾತ್ರ ಹಳೆಯದೇ. ಒಂದು ಒಲೆಗೆ ಒಂದು ತೆರಿಗೆ ಎಂಬುದು ಅವರ ಲೆಕ್ಕ. ಯಾರನ್ನೂ ನಂಬದೆ ನೇರ ಅಡುಗೆಮನೆಗೆ ನುಗ್ಗಿ ಒಲೆಯ ಮೇಲೆ ಅಂಗೈ ಇಡುತ್ತಿದ್ದರು. "ಮಂದಿ ಸುಳ್ಳು ಹೇಳ್ತಾರ, ಒಲಿ ಹೇಳಂಗಿಲ್ರಿ" ಎನ್ನುತ್ತಿದ್ದರು.

ಪಕ್ಕದ ಮನೆಯ ಗಂಡಹೆಂಡತಿ ಜಗಳವಾಡಿ ಒಂದೇ ಸೂರಿನಡಿ ಎರಡು ಒಲೆ ಹೂಡಿದ್ದರು. ಗುಮಾಸ್ತರು ಸಂತೋಷದಿಂದ ಎರಡು ಸಂಸಾರ ಎಂದು ಬರೆದುಕೊಂಡರು. ಮರುವರ್ಷ ಅವರಿಬ್ಬರೂ ಒಂದಾದರು.

"ಈಗ ಕೂಡೇವ್ರಿ, ಒಂದಽ ಮನಿ ಬರಕೋರಿ" ಎಂದ ಗಂಡ, ಗುಮಾಸ್ತರು ಮತ್ತೆ ಬಂದಾಗ.

"ಎರಡು ಒಲಿ ಅದಾವಲ್ಲ? ಒಂದು ಒಡೀರಿ. ಯಾವುದು?" ಎಂದರು ಗುಮಾಸ್ತರು.

ಅಷ್ಟು ಸಾಕಾಯಿತು.

"ಆಕಿದು ಒಡೀರಿ. ನಂದು ನಮ್ಮವ್ವ ಹಾಕಿದ್ದು."

"ಹಂಗಾದ್ರ ನಿಮ್ಮವ್ವನ ಕೂಡಽ ಇರ್ರಿ" ಎಂದು ಹೆಂಡತಿ ಗಂಟು ಕಟ್ಟಲು ಎದ್ದಳು.

ಗುಮಾಸ್ತರು ಸಮಾಧಾನ ಹೇಳಿದರು: "ಜಗಳ ಯಾಕವ್ವ? ಎರಡಽ ಇರ್ಲಿ."

ಗಂಡ ಸಿಟ್ಟಿಗೋ ನಾಚಿಕೆಗೋ ಹಾರೆ ತಂದು ಅವ್ವನ ಒಲೆಯನ್ನೇ ಒಡೆದ. ಗುಮಾಸ್ತರು ಆ ಮಣ್ಣಿನ ಮೇಲೂ ಅಂಗೈ ಇಟ್ಟರು. "ಇನ್ನಾ ಬಿಸಿ ಅದ. ಈ ವರ್ಷಕ್ಕ ಎರಡಽ ಸಂಸಾರ."

ಹೆಂಡತಿ ಗಂಟು ಬಿಟ್ಟು, ಒಂದು ಕೊಡ ನೀರು ತಂದು ಒಡೆದ ಒಲೆಯ ಕೆಂಡದ ಮೇಲೆ ಸುರಿದಳು. "ಈಗ ಮುಟ್ರಿ, ಸಾಹೇಬ್ರ."

ಬೂದಿ ಭುಸ್ಸೆಂದು ಎದ್ದು ಅವರ ಹೊಸ ಟೋಪಿಯನ್ನು ಕಪ್ಪು ಮಾಡಿತು. ಬಾಗಿಲಲ್ಲಿ ನಿಂತಿದ್ದ ನನಗೆ ಟೋಪಿಯ ಸಂಗತಿ ನೆನಪೋ ಆಸೆಯೋ, ಆಣೆ ಮಾಡಿ ಹೇಳಲಾರೆ. ಅವರು ಮತ್ತೊಮ್ಮೆ ಮುಟ್ಟಿ ನೋಡಿ, ಒಂದು ಎಂದು ಬರೆದದ್ದು ಮಾತ್ರ ನಿಜ.